ಒಂದು ರಾಜ್ಯ ಸರ್ಕಾರದಿಂದ ಏನಾದೀತು?

ಪ್ರಶ್ನೆ: ಹವಾಮಾನ ಬದಲಾವಣೆ ಇಡೀ ಜಗತ್ತಿನ ಸಮಸ್ಯೆಯಾಗಿರುವಾಗ ಒಂದು ರಾಜ್ಯ ಸರ್ಕಾರ ಮಾಡುವುದೇನಿದೆ?

ಉತ್ತರ: ಬಹಳಷ್ಟಿದೆ. ಹಸಿರುಮನೆ ಅನಿಲಗಳನ್ನು 2020ರೊಳಗೆ 1990ರ ಮಟ್ಟಕ್ಕೆ ಇಳಿಸಬೇಕೆಂದು 2006ರಲ್ಲಿ ಕಾನೂನು ಮಾಡಿದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಆ ಗುರಿಯನ್ನು 2016ರಲ್ಲೇ ಮುಟ್ಟಿತು. ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅಲ್ಲಿನ ಸ್ಯಾಕ್ರಮೆಂಟೊ ನದೀಮುಖಜ ಭೂಮಿಯ ಕೆಲಸ. ಬೇಸಾಯಕ್ಕಾಗಿ ನೀರು ಬಸಿದ ಅಲ್ಲಿನ ಕಪ್ಪು ಜೌಗುಮಣ್ಣು ಗಾಳಿಗೆ ತೆರೆದುಕೊಂಡು ಕೊಳೆಯುತ್ತ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ನೆಲವೂ ಕುಸಿದು ಕೆಲವು ದ್ವೀಪಗಳು ಸಮುದ್ರಮಟ್ಟಕ್ಕಿಂತ ಸುಮಾರು 6 ಮೀಟರ್ ಕೆಳಗಿಳಿದಿವೆ. ರಾಜ್ಯ ಸರ್ಕಾರವು ಶರ್ಮನ್, ಟ್ವಿಚೆಲ್ ದ್ವೀಪಗಳ ಒಂದಷ್ಟು ಹೊಲಗಳಲ್ಲಿ ಮತ್ತೆ ನೀರು ನಿಲ್ಲಿಸಿ ಜೊಂಡು ಬೆಳೆಸಿದೆ. ಸತ್ತ ಜೊಂಡು ನೀರಿನಡಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುವುದರಿಂದ ಇಂಗಾಲ ಮಣ್ಣಿನಲ್ಲೇ ಉಳಿದು ನೆಲ ನಿಧಾನವಾಗಿ ಏರುತ್ತದೆ. ಇಂಥ ಜೌಗಿನಿಂದ ಮೀಥೇನ್ ಎಂಬ ಇನ್ನೊಂದು ಹಸಿರುಮನೆ ಅನಿಲ ಹೊರಬರುವುದೂ ನಿಜವಾದ್ದರಿಂದ, ಲಾಭದ ಲೆಕ್ಕವನ್ನು ಅದನ್ನು ಕಳೆದೇ ಹಾಕಬೇಕು.