‘ದಿ ಮಾರ್ನಿಂಗ್ ಶೋ’ ನಾಲ್ಕೂ ಸೀಸನ್ ಒಂದೇ ವಾರಾಂತ್ಯದಲ್ಲಿ ನೋಡಿ ಮುಗಿಸಬಹುದಾ?

ಈ ಪ್ರಶ್ನೆ ಕೇಳಿ, ಶನಿವಾರ ಬೆಳಗ್ಗೆ ಕೂತರೆ ಭಾನುವಾರ ರಾತ್ರಿ ಏಳೋದು ಅಂತ ಬರೆದಿದ್ದೀರಿ. ಓದಿ ನನ್ನನ್ನೇ ನೋಡಿದ ಹಾಗಾಯ್ತು.

2023ರ ಸೆಪ್ಟೆಂಬರ್. ಈ ಅಮೆರಿಕನ್ ಟಿವಿ ಸರಣಿಯ ಮೂರನೇ ಸೀಸನ್ ಬಂದಿತ್ತು, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಮೊದಲನೆಯದನ್ನೇ ನೋಡಿರಲಿಲ್ಲ. ಸೋಮವಾರ ಮಾತಾಡೋಕೆ ಏನಾದರೂ ಇರಲಿ ಅಂತ ಭಾನುವಾರ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪ್ ಹೊಟ್ಟೆ ಮೇಲಿಟ್ಟುಕೊಂಡು ಮಲಗಿದೆ. ಹತ್ತು ಕಂತು, ಒಂದೊಂದೂ ಸುಮಾರು ಒಂದು ಗಂಟೆ.

ಮೊದಲ ಕಂತಿನಲ್ಲೇ ಹಿಡಿದುಬಿಡುತ್ತೆ. ನ್ಯೂಯಾರ್ಕಿನ ಒಂದು ಚಾನೆಲ್. ಹದಿನೈದು ವರ್ಷ ಬೆಳಗಿನ ಕಾರ್ಯಕ್ರಮ ನಡೆಸಿದ ಮಿಚ್ ಕೆಸ್ಲರ್‌ನನ್ನು ಲೈಂಗಿಕ ದುರ್ನಡತೆಯ ದೂರಿನ ಮೇಲೆ ರಾತ್ರೋರಾತ್ರಿ ತೆಗೆದಿದ್ದಾರೆ. ಪಕ್ಕದಲ್ಲಿ ಕೂರುತ್ತಿದ್ದ ನಿರೂಪಕಿ ಅಲೆಕ್ಸ್ ಅದನ್ನು ಕ್ಯಾಮೆರಾ ಮುಂದೆ ಜನರಿಗೆ ಹೇಳಬೇಕು. ಇದು ಪೂರ್ತಿ ಕಟ್ಟುಕತೆಯೂ ಅಲ್ಲ. 2017ರ ನವೆಂಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ತನ್ನ ಬೆಳಗಿನ ಕಾರ್ಯಕ್ರಮದ ನಿರೂಪಕ ಮ್ಯಾಟ್ ಲೌವರ್‌ನನ್ನು ಇಂಥದೇ ದೂರಿನ ಮೇಲೆ ತೆಗೆದಾಗ ಅವನ ಜೊತೆಯ ನಿರೂಪಕಿಯರೇ ನೇರಪ್ರಸಾರದಲ್ಲಿ ಆ ಸುದ್ದಿ ಹೇಳಿದ್ದರು.

ನನ್ನ ತಪ್ಪು ಆಗಿದ್ದು ರಾತ್ರಿ ಹನ್ನೆರಡೂವರೆಗೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಳನೇ ಕಂತು ಮುಗಿದಿತ್ತು. ಕಣ್ಣು ಉರಿಯುತ್ತಿತ್ತು. ಎದ್ದು ಮಲಗಬೇಕಿತ್ತು, ಏಳಲಿಲ್ಲ. ಇಯರ್‌ಫೋನ್ ಕಿವಿಯಲ್ಲೇ ಇತ್ತು. ಎಂಟನೆಯದು ತಾನಾಗಿಯೇ ಶುರುವಾಯ್ತು. ಯಾವುದೋ ಹುಟ್ಟುಹಬ್ಬದ ಪಾರ್ಟಿ, ನಗು, ಕೇಕು. ಹಳೇ ಕತೆ ಹೇಳ್ತಿದ್ದಾರೆ ಅಂದುಕೊಂಡೆ, ಅಷ್ಟೇ ನೆನಪು. ಎಚ್ಚರವಾದಾಗ ಒಂಬತ್ತನೆಯದು ಅರ್ಧ ಓಡಿತ್ತು. ಹಿಂದೆ ಹೋಗಿ ನೋಡೋದು ಬಿಟ್ಟು ಮುಂದೆ ನೋಡಿದೆ. ಆ್ಯಪ್‌ನಲ್ಲಿ ಎಂಟರ ಕೆಳಗಿನ ಗೆರೆ ಪೂರ್ತಿ ತುಂಬಿತ್ತು. ಅಂದರೆ ‘ನೋಡಿಯಾಯ್ತು’. ನಾನೂ ಅದನ್ನೇ ನಂಬಿದೆ. ಬೆಳಗಿನ ಜಾವ ಮೂರೂವರೆಗೆ ಕೊನೇ ಕಂತು ಮುಗಿಯಿತು. ಆ ಚಾನೆಲ್‌ನಲ್ಲಿ ಕೆಲಸ ಮಾಡೋ ಹನ್ನಾಗೆ ಕೊನೆಯಲ್ಲಿ ಆದದ್ದು ನೋಡಿ, ಇದ್ಯಾಕೆ ಇಷ್ಟು ಅತಿ ಮಾಡಿದರು ಅನ್ನಿಸಿತು.

ಆ ಎಂಟನೇ ಕಂತೇ ಇಡೀ ಸೀಸನ್ನಿನ ಬೆನ್ನುಮೂಳೆ. ಕತೆ ಸ್ವಲ್ಪ ಬಿಟ್ಟುಕೊಡ್ತೀನಿ, ಬೈಕೋಬೇಡಿ. ಏಳು ಕಂತುಗಳವರೆಗೆ ಮಿಚ್ ನಮಗೆ ಇಷ್ಟವಾಗುತ್ತಾನೆ. ಆ ಪಾತ್ರ ಮಾಡಿದ ಸ್ಟೀವ್ ಕರೆಲ್ ನಕ್ಕರೆ ಯಾರಿಗೆ ಇಷ್ಟವಾಗಲ್ಲ? ಎಂಟನೆಯದರಲ್ಲಿ ಲಾಸ್ ವೇಗಸ್‌ನ ಹೋಟೆಲ್ ಕೋಣೆ. ಗುಂಡಿನ ದಾಳಿಯ ವರದಿಗೆ ಹೋಗಿ ನಡುಗುತ್ತಿರುವ ಕಿರಿಯ ಹುಡುಗಿ, ಅದೇ ಹನ್ನಾ. ಅವಳು ನಂಬಿದ್ದ ಮಿಚ್. ಆಮೇಲೆ ಮೇಲಿನವರಿಗೆ ಹೇಳೋಕೆ ಹೋದರೆ ಅವಳಿಗೆ ಸಿಗೋದು ಬಡ್ತಿ. ಏಳು ಗಂಟೆ ಅವನ ಮೇಲೆ ಕನಿಕರ ಹುಟ್ಟಿಸಿದ್ದೇ ಈ ಒಂದು ಗಂಟೆಗೋಸ್ಕರ. ಆ ಗಂಟೆ ನಾನು ಗೊರಕೆ ಹೊಡೆದೆ.

ಸೋಮವಾರ ಕ್ಯಾಂಟೀನಿನಲ್ಲಿ ನಿದ್ದೆಗಣ್ಣಲ್ಲೇ ಭಾಷಣ ಬಿಗಿದೆ. “ಪಾಪ ಮಿಚ್, ತಪ್ಪು ಮಾಡಿದ ಸರಿ, ಅದಕ್ಕೆ ಬದುಕೇ ಹಾಳು ಮಾಡಬೇಕಾ? ಆ ಹನ್ನಾ ಬಡ್ತಿ ತಗೊಂಡು ಸುಮ್ನೆ ಇದ್ದಳಲ್ವಾ?” ನನ್ನೆದುರು ಕೂತಿದ್ದವರು ನಾಲ್ಕು ವರ್ಷದಿಂದ ಜೊತೆಗೆ ಕೆಲಸ ಮಾಡಿದವರು, ಒಳ್ಳೆ ಸ್ನೇಹಿತೆ. ಡಬ್ಬಿಯ ಮುಚ್ಚಳ ಹಾಕಿದರು. ಊಟ ಅರ್ಧ ಇತ್ತು. ಎದ್ದು ಹೋದರು. ಹಿಂದಿನ ಕೆಲಸದಲ್ಲಿ ಅವರಿಗೂ ಏನೋ ಆಗಿತ್ತಂತೆ, ಆಮೇಲೆ ಬೇರೆಯವರಿಂದ ತಿಳಿಯಿತು. ಏನಂತ ನನಗೆ ಈಗಲೂ ಗೊತ್ತಿಲ್ಲ. ಕೇಳೋಕೆ ನಾನ್ಯಾರು?

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ‘ಮುಗಿಸಬಹುದಾ’ ಅಂತ ಯಾಕೆ ಕೇಳ್ತೀರಿ, ಇದೇನು ಬಾಕಿ ಉಳಿದ ಫೈಲಾ? ಎರಡು ದಿನಕ್ಕೆ ಇರೋದೇ 48 ಗಂಟೆ, ಕಂತುಗಳು 40. ನಾಲ್ಕೂ ಸೀಸನ್ ಬೇಕಾಗಿಯೂ ಇಲ್ಲ. ಮೊದಲನೆಯದು ಸಾಕು. ಮೂರನೆಯದರಲ್ಲಿ ರಾಕೆಟ್ ಹತ್ತಿ ಬಾಹ್ಯಾಕಾಶಕ್ಕೂ ಹೋಗಿಬರುತ್ತಾರೆ, ಅದನ್ನು ಯಾವಾಗ ನೋಡಿದರೂ ನಡೆಯುತ್ತೆ. ಎಂಟನೇ ಕಂತನ್ನು ಮಾತ್ರ ಹಗಲು ಹೊತ್ತಿನಲ್ಲಿ ನೋಡಿ, ನೋಡಿದ ಮೇಲೆ ಆವತ್ತಿಗೆ ನಿಲ್ಲಿಸಿ. ಆಟೋಪ್ಲೇ ಈಗಲೇ ಆಫ್ ಮಾಡಿ.

ನಾನು ಆ ಎಂಟನೇ ಕಂತು ನೋಡಿದ್ದು ಮೂರು ವಾರದ ಮೇಲೆ. ಮರುದಿನ ಆ ಸ್ನೇಹಿತೆಯ ಟೇಬಲ್ ಹತ್ತಿರ ಹೋದೆ. ನಿದ್ದೆ ಬಂದಿದ್ದು, ಗೆರೆ ತುಂಬಿದ್ದು, ಎಲ್ಲಾ ಹೇಳಿದೆ. “ಎಂಟನೇದು ನಾನು ನೋಡೇ ಇರಲಿಲ್ಲ” ಅಂದೆ.

ಅವರು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. “ಅದನ್ನ ನೋಡಬೇಕಿತ್ತಾ ನಿಮಗೆ?” ಅಂದರು.