ಕಾನ್ವೆಂಟ್ ಎನ್ನುವುದು ಯಾವುದಕ್ಕೆ?

ಕಲಬುರಗಿಯಲ್ಲಿ ಗಲ್ಲಿಗೊಂದು ಇಂಗ್ಲಿಷ್ ಶಾಲೆಯಿದೆ, ಎಲ್ಲಕ್ಕೂ ‘ಕಾನ್ವೆಂಟ್’ ಎನ್ನುತ್ತಾರೆ. ಸಿಸ್ಟರ್‌ಗಳ ಹೆಣ್ಣುಮಕ್ಕಳ ಶಾಲೆ ನಮ್ಮ ರಾಜ್ಯದಲ್ಲಿ ಹೇಗೆ ಬೆಳೆಯಿತು ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಅಕ್ಷರ ತಿದ್ದಿದವಳು ನಾನು. ಆ ಋಣದಿಂದಲೇ ಬರೆಯುತ್ತಿದ್ದೇನೆ.

ಕಾನ್ವೆಂಟ್ ಎಂದರೆ ಶಾಲೆಯಲ್ಲ, ಕ್ರೈಸ್ತ ಸನ್ಯಾಸಿನಿಯರು, ಅಂದರೆ ಸಿಸ್ಟರ್‌ಗಳು, ಕೂಡಿ ಬಾಳುವ ಮಠ. ಆವರಣದೊಳಗೆ ಶಾಲೆಯೂ ನಡೆಯುತ್ತಿದ್ದುದರಿಂದ ಮಠದ ಹೆಸರು ಶಾಲೆಗೆ ಅಂಟಿಕೊಂಡಿತು. ಮಠ ಶಾಲೆ ನಡೆಸುವುದು ನಮ್ಮ ಭಾಗದವರಿಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲೇ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು.

ಸಿಸ್ಟರ್‌ಗಳ ಶಾಲೆಯ ಕಥೆಗೆ ಮಂಗಳೂರಿಗೆ ಹೋಗಬೇಕು. ಸೋಫಿ ಲೀವ್ಸ್ ಎಂಬಾಕೆ ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಆಂಗ್ಲಿಕನ್ ಎಂದರೆ ಇಂಗ್ಲೆಂಡಿನ ಚರ್ಚಿನ ಪಾದ್ರಿಯ ಮಗಳಾಗಿ. ಕಥೋಲಿಕಳಾಗಿ ಸನ್ಯಾಸ ಹಿಡಿದು ಮದರ್ ವೆರೋನಿಕಾ ಆದರು. 1860ರ ದಶಕದಲ್ಲಿ ಕೆಲಕಾಲ ನಮ್ಮ ಪಶ್ಚಿಮ ಕರಾವಳಿಯಲ್ಲಿದ್ದರು. ಕಾರ್ಮೆಲ್ ಎಂಬುದು ಕಥೋಲಿಕರ ಹಳೆಯ ಸನ್ಯಾಸ ಪರಂಪರೆ. ಕಲಿಸುವುದಕ್ಕೆಂದೇ ಅದರಲ್ಲಿ ಒಂದು ಸಂಘ ಬೇಕೆಂದು 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೋಸ್ತೋಲಿಕ್ ಕಾರ್ಮೆಲ್ ಕಟ್ಟಿದರು. ಅವರು ತಯಾರು ಮಾಡಿದ ಸಿಸ್ಟರ್‌ಗಳು 1870ರ ನವೆಂಬರ್‌ನಲ್ಲಿ ಮಂಗಳೂರಿಗೆ ಬಂದಿಳಿದರು. ಕಟ್ಟಿದಾಕೆ ಮಾತ್ರ ಮತ್ತೆ ಬರಲೇ ಇಲ್ಲ. 1906ರಲ್ಲಿ ಫ್ರಾನ್ಸಿನಲ್ಲೇ ತೀರಿಕೊಂಡರು. ಬೇರೆಯವರು ಕೊಯ್ಯುವ ಪೈರಿಗಾಗಿ ಆಕೆ ಬಿತ್ತಿದ್ದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಶಿಕ್ಷಕಿಯರ ತರಬೇತಿ. ಗಂಡಸರು ಪಾಠ ಹೇಳುವ ಶಾಲೆಗೆ ದೊಡ್ಡವಳಾದ ಮಗಳನ್ನು ಯಾರೂ ಕಳುಹಿಸುತ್ತಿರಲಿಲ್ಲ. ನನ್ನ ಅವ್ವ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟದ್ದೂ ಇದೇ ಕಾರಣಕ್ಕೆ: ಮುಂದಿನ ತರಗತಿಗೆ ಹೆಣ್ಣು ಟೀಚರ್ ಇರಲಿಲ್ಲ. ಓದಿದ ಹೆಂಗಸರೇ ಇಲ್ಲದ ಕಡೆ ಶಿಕ್ಷಕಿಯರು ಎಲ್ಲಿಂದ ಬರಬೇಕು? ಮಂಗಳೂರಿನಲ್ಲಿ ಈ ಸಿಸ್ಟರ್‌ಗಳ ಸಂತ ಆನ್ನರ ಕಾನ್ವೆಂಟ್ ಹುಡುಗಿಯರಿಗೆ ಓದಿಸಿ, ಅವರಲ್ಲೇ ಹಲವರನ್ನು ಶಿಕ್ಷಕಿಯರನ್ನಾಗಿ ಮಾಡಿತು. 1921ರಲ್ಲಿ ಅದೇ ಸಂಘ ಸಂತ ಆಗ್ನೆಸ್ ಕಾಲೇಜು ತೆರೆಯಿತು.

ನಮ್ಮ ಕಡೆಯ ದಾರಿ ಬೇರೆ. 1948ರವರೆಗೆ ಹೈದರಾಬಾದ್ ಸಂಸ್ಥಾನ, ಸರ್ಕಾರದ ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಕಲಬುರಗಿಗೆ ತನ್ನದೇ ಕಥೋಲಿಕ ಧರ್ಮಪ್ರಾಂತ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಸಿಕ್ಕಿದ್ದಂತೂ 2005ರಲ್ಲಿ. ನನಗೆ ಕನ್ನಡ ಕಲಿಸಿದ ಸಿಸ್ಟರ್ ಕರಾವಳಿಯವರು, ಮನೆಮಾತು ಕೊಂಕಣಿ. ಪುಸ್ತಕದಲ್ಲಿದ್ದಂತೆಯೇ ಮಾತನಾಡುತ್ತಿದ್ದರು. ನಾವು ಹುಡುಗಿಯರು ಮೊದಲು ನಕ್ಕೆವು, ವರ್ಷ ಮುಗಿಯುವಷ್ಟರಲ್ಲಿ ನಮ್ಮ ಪ್ರಬಂಧಗಳಲ್ಲಿ ತಪ್ಪೇ ಸಿಗುತ್ತಿರಲಿಲ್ಲ.

ಬೀದರಿನ ಮೆಥೋಡಿಸ್ಟ್ ಮಿಷನ್ ಶಾಲೆಗಳನ್ನು ಇದರೊಡನೆ ಬೆರೆಸಬೇಡಿ, ಅವು ಪ್ರೊಟೆಸ್ಟೆಂಟರವು, ಕಥೋಲಿಕರವಲ್ಲ. ನಿಮ್ಮ ಗಲ್ಲಿಯ ಶಾಲೆಯ ವಿಷಯ ತಿಳಿಯಬೇಕಾದರೆ ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ಒಮ್ಮೆ ನೋಡಿ. ಸಿಸ್ಟರ್‌ಗಳು ಒಳಗೇ ಉಳಿದು ದೀಪ ಹಚ್ಚಿದರೆ ಅದು ಕಾನ್ವೆಂಟ್.