ಮ್ಯೂನಿಕ್‌ಗೆ ಹೊರಟಿರುವ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಅಕ್ಟೋಬರ್‌ಗೆ ಮ್ಯೂನಿಕ್‌ನಲ್ಲಿ ಓದು ಶುರು, ಆಲ್ಪ್ಸ್ ಹತ್ತಬೇಕು, ಯುರೋಪ್ ಸುತ್ತಬೇಕು. "ಆದರೆ ಊರಿನ ನಂಟು ಬಿಡಬಾರದು, ಅದು ಹೇಗಣ್ಣಾ?" ಅಂತ ಕೇಳಿದ್ದೀಯ. ನಮ್ಮ ಕಲಬುರಗಿ ಹುಡುಗ ಹೊರಡುವ ಮೊದಲೇ ಇದನ್ನು ಕೇಳಿದ್ದು ನನಗೆ ತುಂಬಾ ಖುಷಿ.

ದುಡ್ಡಿನ ಮಾತು ಮೊದಲು ಮುಗಿಸುತ್ತೇನೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಒಟ್ಟಿಗೆ ತೆಗೆಯಲು ಬಿಡದ ಖಾತೆಯಲ್ಲಿ ಇಡುವ 11,904 ಯೂರೋ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಅದರಲ್ಲಿ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ, ಮ್ಯೂನಿಕ್ ಅಷ್ಟು ದುಬಾರಿ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲಸ ಮಾಡಬಹುದು. ಜರ್ಮನ್ ಕಲಿ, ಅದಕ್ಕೆ ಬೇರೆ ದಾರಿ ಇಲ್ಲ.

ನಾನು ಜರ್ಮನಿಗೆ ಬಂದಿಳಿದದ್ದು ಭಾನುವಾರ. ಇಲ್ಲಿ ಭಾನುವಾರ ಅಂಗಡಿಗಳೆಲ್ಲಾ ಬಂದ್ ಅಂತ ಯಾರೂ ಹೇಳಿರಲಿಲ್ಲ. ಅವ್ವ ಬಟ್ಟೆ ನಡುವೆ ಇಟ್ಟಿದ್ದ ಕಡಕ್ ರೊಟ್ಟಿ ಅರ್ಧಕ್ಕರ್ಧ ಪುಡಿಯಾಗಿತ್ತು. ಅದಕ್ಕೇ ಶೇಂಗಾ ಹಿಂಡಿ ಕಲಸಿಕೊಂಡು ತಿಂದು ಮಲಗಿದೆ. ನೀನೂ ಅವೆರಡನ್ನು ತಾ. ತುಪ್ಪ, ಖೋವಾ ಬೇಡ, ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ.

ಈಗ ನಿನ್ನ ಮುಖ್ಯ ಪ್ರಶ್ನೆ. ನಾವು ಊರನ್ನು ಮರೆತುಬಿಡುತ್ತೇವೋ ಏನೋ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ನನಗೆ ಆದದ್ದೇ ಬೇರೆ. ಮನೆಯವರು ನನಗೆ ಸುದ್ದಿ ಹೇಳೋದು ನಿಲ್ಲಿಸಿದರು.

ನಮ್ಮ ಹೊಲ ಆಳಂದ ಕಡೆ, ಬೆಳೆ ತೊಗರಿ. 2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತಲ್ಲ, ನಿನಗೂ ನೆನಪಿರಬಹುದು. ಆ ಚಳಿಗಾಲ ಪ್ರತಿ ಭಾನುವಾರ ಅಪ್ಪನ ಜೊತೆ ಮಾತಾಡಿದ್ದೇನೆ. "ಎಲ್ಲಾ ಆರಾಮ ಅದ, ನೀ ನಿನ್ನ ಕೆಲಸ ನೋಡ್ಕೋ" ಅನ್ನುತ್ತಿದ್ದರು. ನಾನು ಕಳಿಸಿದ ಹಿಮದ ಫೋಟೋಗಳನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲಾ ತೋರಿಸಿದರಂತೆ. ಎಳ್ಳಮವಾಸ್ಯೆ ದಿನ ಪಕ್ಕದ ಹೊಲದ ಗೆಳೆಯ ವಿಡಿಯೋ ಕಾಲ್ ಮಾಡಿದ. ಹೊಲಕ್ಕೆ ಚರಗ, ಅಂದರೆ ಎಡೆ ಚೆಲ್ಲಿ ಊಟಕ್ಕೆ ಕೂತಿದ್ದರು. ಭಜ್ಜಿ, ಸಜ್ಜಿ ರೊಟ್ಟಿ ತೋರಿಸಿದ. ಅವನ ಬೆನ್ನ ಹಿಂದೆ ನಮ್ಮ ಹೊಲ ಕಾಣಿಸಿತು. ಗಿಡ ನಿಂತಿವೆ, ಆದರೆ ಒಂದರಲ್ಲೂ ಹಸಿರಿಲ್ಲ. ಅವನು ಒಂದು ಕಾಯಿ ಕಿತ್ತು ಬಿಡಿಸಿ ಫೋನಿನ ಮುಂದೆ ಹಿಡಿದ. ಒಳಗೆ ಸುಕ್ಕಾದ ಸಿಪ್ಪೆ, ಕಾಳೇ ಇಲ್ಲ. "ಯಾಕೋ, ನಿಮ್ಮಪ್ಪ ಹೇಳಿಲ್ಲೇನು?" ಅಂದ.

ನೆಟೆ ರೋಗದ ಶಿಲೀಂಧ್ರ ಮಣ್ಣಲ್ಲೇ ಇರುತ್ತದೆ. ಬೇರಿನಿಂದ ಹತ್ತಿ, ನೀರು ಮೇಲೇರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಬೀಜ, ಗೊಬ್ಬರ, ಆಳಿನ ಖರ್ಚೆಲ್ಲಾ ಹಾಕಿ ಆದಮೇಲೆ, ಹೂ ಕಾಯಿ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಆ ಸಾಲ, ಆ ಸಂಕಟ ಎಲ್ಲಾ ಒಳಗಿಟ್ಟುಕೊಂಡು ಅಪ್ಪ ಫೋನಿನಲ್ಲಿ ನಗುತ್ತಾ ಮಾತಾಡಿದ್ದರು. ಬೆಳೆ ಮುಂದಿನ ವರ್ಷ ಬಂತು. ಆದರೆ ಮನೆಯ ಕಷ್ಟದ ಮಾತಿಗೆ ನನ್ನನ್ನು ಕೂಡಿಸಿಕೊಳ್ಳಲಿಲ್ಲ ಅನ್ನೋದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಪ್ರೀತಿಯಿಂದಲೇ ಹಾಗೆ ಮಾಡಿದರು. ದೂರದಲ್ಲಿ ಒಬ್ಬನೇ ಇದ್ದಾನೆ, ಸುಮ್ನೆ ಯಾಕೆ ಚಿಂತೆ ಹಚ್ಚೋದು ಅಂತ. ನಮ್ಮ ಕಡೆಯ ಮನೆಗಳು ನಿನಗೆ ಗೊತ್ತೇ ಇದೆ, ಅಲ್ವಾ?

ಅದಕ್ಕೇ ಫೋನ್ ಮಾಡಿದಾಗ ಬರೀ "ಆರಾಮಾ?" ಅಂತ ಕೇಳಬೇಡ. ಮಳೆ ಎಷ್ಟಾಯ್ತು, ತೊಗರಿ ಹೂ ಬಿಟ್ಟಿತಾ, ಸೊಸೈಟಿ ಸಾಲದ ಕಂತು ಕಟ್ಟಿದಿರಾ, ಅವ್ವನ ಶುಗರ್ ಎಷ್ಟು ಬಂತು ಅಂತ ಕೇಳು. ನಿನ್ನ ಕಷ್ಟವನ್ನೂ ಹೇಳು. ಪರೀಕ್ಷೆ ಫೇಲಾದರೆ ಅದನ್ನೂ ಹೇಳು. ನಾನು ಕೆಲಸ ಹೋಗಿ ಮನೆಯಲ್ಲಿ ಕೂತಾಗ ಅಪ್ಪನಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಮಾರನೇ ವಾರ ಅವರೇ, ಬೋರ್ ಬತ್ತಿದೆ ಅಂತ ಬಾಯಿಬಿಟ್ಟರು. ಈಗ ಯಾವ ತಳಿ ಬಿತ್ತೋಣ ಅಂತಲೂ ನನ್ನನ್ನು ಕೇಳುತ್ತಾರೆ. ಇಲ್ಲಿನ ಯಾವ ಸಂಬಳಕ್ಕೂ ನನಗೆ ಅಷ್ಟು ಹೆಮ್ಮೆ ಆಗಿಲ್ಲ. ಹೊತ್ತು ನೋಡಿ ಫೋನ್ ಮಾಡು. ಚಳಿಗಾಲದಲ್ಲಿ ಇಲ್ಲಿ ಸಂಜೆ 4 ಅಂದರೆ ಊರಲ್ಲಿ ರಾತ್ರಿ ಎಂಟೂವರೆ, ಅಪ್ಪ ಉಂಡು ಕೂತಿರುತ್ತಾರೆ.

ಬೆಟ್ಟಕ್ಕೆ ಖಂಡಿತ ಹೋಗು, ಅದನ್ನು ಬಿಡಬೇಡ. ಆದರೆ ನಾವು ಎರೆಹೊಲದ ಬಯಲಲ್ಲಿ ಬೆಳೆದವರು. ಜರ್ಮನಿಯಲ್ಲೇ ಎತ್ತರದ ತ್ಸುಗ್‌ಷ್ಪಿಟ್ಸೆ 2,962 ಮೀಟರ್ ಇದೆ, ಮೊದಲ ಬೇಸಿಗೆಯಲ್ಲೇ ಕಾಲ್ನಡಿಗೆಯಲ್ಲಿ ಅದಕ್ಕೆ ಕೈ ಹಾಕಬೇಡ. ಎತ್ತರದ ದಾರಿಗಳಲ್ಲಿ ಜೂನ್‌ನಲ್ಲೂ ಹಿಮ ಇರುತ್ತದೆ. ಬೇಸಿಗೆ ಮಧ್ಯಾಹ್ನ ಗುಡುಗು ಮಳೆ ಜಾಸ್ತಿ, ಬೆಳಿಗ್ಗೆ ಬೇಗ ಹತ್ತಿ ಬೇಗ ಇಳಿ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದ್ದರೆ ರೀಜನಲ್ ರೈಲಿನಲ್ಲಿ ಬೆಟ್ಟದ ಬುಡದ ಊರು ಗಾರ್ಮಿಶ್ ತನಕ ಹೋಗಬಹುದು. 1869ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ ಜರ್ಮನ್ ಆಲ್ಪೈನ್ ಕ್ಲಬ್‌ಗೆ ಸದಸ್ಯನಾಗು, ಬೆಟ್ಟದಲ್ಲಿ ಸಿಕ್ಕಿಕೊಂಡರೆ ಇಳಿಸಿ ತರುವ ಖರ್ಚಿಗೆ ಅವರ ವಿಮೆ ಇರುತ್ತದೆ. ತುರ್ತು ನಂಬರ್ 112. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ರೂಮ್‌ಮೇಟ್‌ಗೆ ಹೇಳಿ ಹೋಗು. ಮನೆಗೂ ಹೇಳು. ಅವ್ವ ಬೈತಾರೆ, ಬೈಸಿಕೋ.

ರೂಮ್ ಹುಡುಕೋದು ಇವತ್ತೇ ಶುರು ಮಾಡು. ರೂಮ್ ನೋಡದೆ, ಕರಾರು ಪತ್ರ ಇಲ್ಲದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡ. ರೂಮ್ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು. ಅಕ್ಟೋಬರ್‌ವರೆಗೂ ಸಿಗದಿದ್ದರೆ ಸಂಕೋಚ ಮಾಡದೆ ನಮ್ಮ ಮನೆಗೆ ಬಾ, ಇಲ್ಲಿದ್ದುಕೊಂಡೇ ಹುಡುಕೋಣ.